ಮೊದಲು ಇನ್ಶೂರೆನ್ಸ್ ಕೋಟ್, ಆಮೇಲೆ ಕಾರು

ತಂಗೀ, ನಿನ್ನ ಪ್ರಶ್ನೆ ಓದಿದೆ. ನಿನಗೀಗ 24 ವರ್ಷ. ಶಿವಮೊಗ್ಗದಿಂದ ನರ್ಸ್ ಆಗಿ ಇಂಗ್ಲೆಂಡಿನ ಲಿಂಕನ್‌ಷೈರ್‌ನ ಒಂದು ಸಣ್ಣ ಊರಿಗೆ ಬಂದು ಏಳು ತಿಂಗಳಾಗಿದೆ. ಬೆಳಗಿನ ಶಿಫ್ಟ್ ಏಳೂವರೆಗೆ ಶುರು, ಭಾನುವಾರ ಆ ಹೊತ್ತಿಗೆ ಬಸ್ಸೇ ಇಲ್ಲ. ಟ್ಯಾಕ್ಸಿಗೆ ದುಡ್ಡು ಸುರಿದು ಸಾಕಾಗಿದೆ. 3,000 ಪೌಂಡಿನ ಹಳೇ ಕಾರೊಂದನ್ನು ನೋಡಿಟ್ಟಿದ್ದೀಯ, ಅದರ ಇನ್ಶೂರೆನ್ಸಿಗೆ ವರ್ಷಕ್ಕೆ 2,600 ಪೌಂಡ್ ಕೇಳುತ್ತಿದ್ದಾರೆ. "ಊರಲ್ಲಿ ಮೂರು ವರ್ಷದಿಂದ ಲೈಸೆನ್ಸ್ ಇದೆ ಅಕ್ಕ, ಆದರೂ ಯಾಕೆ ಇಷ್ಟು? ಕಡಿಮೆ ಮಾಡಿಕೊಳ್ಳೋಕೆ ದಾರಿ ಇದೆಯಾ?" ಅಂತ ಕೇಳಿದ್ದೀಯ.

ದಾರಿ ಇದೆ. ಆದರೆ ಆ ಕಾರಿಗೆ ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ ತಾನೇ? ಸದ್ಯಕ್ಕೆ ಕೊಡಬೇಡ. ಇಲ್ಲಿ ಮೊದಲು ಇನ್ಶೂರೆನ್ಸ್ ಕೋಟ್ (ಕಂಪನಿ ಹೇಳುವ ಬೆಲೆ) ನೋಡಬೇಕು, ಆಮೇಲೆ ಕಾರು ನೋಡಬೇಕು.

ಯಾಕೆ ಇಷ್ಟು ಅನ್ನೋದನ್ನು ಮೊದಲು ಹೇಳುತ್ತೇನೆ. ನಮ್ಮ ಭಾರತದಲ್ಲಿ ಥರ್ಡ್ ಪಾರ್ಟಿ (ಎದುರಿನವರಿಗಾದ ನಷ್ಟಕ್ಕೆ ಮಾತ್ರ ಕೊಡುವ) ಪ್ರೀಮಿಯಂ ಅನ್ನು ಸರ್ಕಾರವೇ ನಿಗದಿ ಮಾಡುತ್ತದೆ. 2022ರಲ್ಲಿ ಮಾಡಿದ ದರದ ಪ್ರಕಾರ 1,000ದಿಂದ 1,500 ಸಿಸಿ ಒಳಗಿನ ಖಾಸಗಿ ಕಾರಿಗೆ ವರ್ಷಕ್ಕೆ 3,416 ರೂಪಾಯಿ. ಓಡಿಸುವವರಿಗೆ ಇಪ್ಪತ್ತಾಗಿರಲಿ, ಅರವತ್ತಾಗಿರಲಿ, ಅದು ಅಷ್ಟೇ. ಪಾಲಿಸಿ ಅಪ್ಪನ ಹೆಸರಲ್ಲಿದ್ದರೂ ಲೈಸೆನ್ಸ್ ಇರುವ ಮಗಳು, ಅಳಿಯ, ಡ್ರೈವರ್ ಯಾರು ಬೇಕಾದರೂ ಓಡಿಸಬಹುದು. ಬ್ರಿಟನ್ನಿನಲ್ಲಿ ಹಾಗಲ್ಲ. ಕಂಪನಿ ಮುಖ್ಯವಾಗಿ ನೋಡುವುದು ಓಡಿಸುವ ಮನುಷ್ಯರನ್ನು. ವಯಸ್ಸೆಷ್ಟು, ಯಾವ ದೇಶದ ಲೈಸೆನ್ಸ್, ಏನು ಕೆಲಸ, ಯಾವ ಪೋಸ್ಟ್‌ಕೋಡ್, ರಾತ್ರಿ ಕಾರು ಎಲ್ಲಿ ನಿಲ್ಲುತ್ತದೆ, ಇದೆಲ್ಲ ಕೇಳಿ ಬೆಲೆ ಕಟ್ಟುತ್ತದೆ. ಪಾಲಿಸಿಯಲ್ಲಿ ಯಾರ ಹೆಸರಿದೆಯೋ ಸಾಮಾನ್ಯವಾಗಿ ಅವರಷ್ಟೇ ಓಡಿಸಬಹುದು. ನಿನ್ನ ರೂಮ್‌ಮೇಟ್ "ಐದು ನಿಮಿಷ ಕೊಡೇ, ಅಂಗಡಿಗೆ ಹೋಗಿ ಬರ್ತೀನಿ" ಅಂತ ಕೀ ಕೇಳಿದರೂ ಕೊಡುವ ಹಾಗಿಲ್ಲ.

25ರೊಳಗಿನವರಿಗೆ ಎಲ್ಲರಿಗೂ ದುಬಾರಿಯೇ, ಇಲ್ಲೇ ಹುಟ್ಟಿ ಬೆಳೆದವರಿಗೂ. ಹುಡುಗಿಯರಿಗೆ ಕಡಿಮೆ ಅಂತ ಯಾರೋ ಹೇಳಿದರು ಅಂತ ಬರೆದಿದ್ದೀಯಲ್ಲ, ಅದು ಹಳೇ ಮಾತು. ಮೊದಲು ನಿಜವಾಗಿಯೂ ಕಡಿಮೆ ಇತ್ತು. ಯುರೋಪಿಯನ್ ಕೋರ್ಟಿನ ತೀರ್ಪು ಬಂದ ಮೇಲೆ, 2012ರ ಡಿಸೆಂಬರ್ 21ರಿಂದ ಗಂಡು ಹೆಣ್ಣು ಅಂತ ಬೇರೆ ಬೇರೆ ಬೆಲೆ ಹಾಕುವ ಹಾಗಿಲ್ಲ.

ಈಗ ನಿನ್ನ ಲೈಸೆನ್ಸ್ ವಿಷಯ. ನಿನ್ನ ಬೆಲೆ ಇಳಿಯುವ ದೊಡ್ಡ ಜಾಗ ಇದು, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ನಮ್ಮ ಭಾರತದ ಲೈಸೆನ್ಸಿನಲ್ಲಿ ಇಲ್ಲಿ ಬಂದು ನೆಲೆಸಿದ ದಿನದಿಂದ 12 ತಿಂಗಳು ಓಡಿಸಬಹುದು. ಆಸ್ಟ್ರೇಲಿಯಾ, ಜಪಾನ್, ದಕ್ಷಿಣ ಆಫ್ರಿಕಾದವರು ತಮ್ಮ ಲೈಸೆನ್ಸ್ ಕೊಟ್ಟು ಇಲ್ಲಿನದನ್ನು ಬದಲಾಯಿಸಿಕೊಳ್ಳಬಹುದು, ಭಾರತ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ನಿನಗೆ ಉಳಿದಿರೋದು ಐದೇ ತಿಂಗಳು. ಅಷ್ಟರಲ್ಲಿ ಇಲ್ಲಿನ ಟೆಸ್ಟ್ ಪಾಸಾಗದಿದ್ದರೆ ಕಾನೂನಿನ ಲೆಕ್ಕದಲ್ಲಿ ನೀನು ಮತ್ತೆ ಕಲಿಯುವವಳು. ಎಲ್ ಬೋರ್ಡ್ ಹಾಕಿಕೊಂಡು, ಪಕ್ಕದಲ್ಲಿ ಲೈಸೆನ್ಸ್ ಇರುವ ಅನುಭವಿಯನ್ನು ಕೂರಿಸಿಕೊಂಡೇ ಹೋಗಬೇಕು. ಅದನ್ನು ಬಿಟ್ಟು ಒಬ್ಬಳೇ ಓಡಿಸಿ ಏನಾದರೂ ಆದರೆ ಇನ್ಶೂರೆನ್ಸ್ ಕೂಡ ಕೈಕೊಡುತ್ತದೆ.

ಇವತ್ತೇ ಪ್ರೊವಿಷನಲ್ ಲೈಸೆನ್ಸಿಗೆ, ಅಂದರೆ ಕಲಿಯುವವರ ಲೈಸೆನ್ಸಿಗೆ, ಅರ್ಜಿ ಹಾಕು. ಆನ್‌ಲೈನಿನಲ್ಲಿ 34 ಪೌಂಡ್. ಅದು ಬಂದ ಮೇಲೆ ಥಿಯರಿ ಟೆಸ್ಟ್, 23 ಪೌಂಡ್. ಅದು ಪಾಸಾದ ಮೇಲೆ ರಸ್ತೆ ಟೆಸ್ಟ್, ವಾರದ ದಿನ ಆದರೆ 62 ಪೌಂಡ್, ವಾರಾಂತ್ಯಕ್ಕೆ 75. ದುಡ್ಡಿಗಿಂತ ಕಷ್ಟ ಸ್ಲಾಟ್ ಸಿಗೋದು. ಎಷ್ಟೋ ಊರುಗಳಲ್ಲಿ ತಿಂಗಳುಗಟ್ಟಲೆ ಕಾಯಬೇಕು. ಅದಕ್ಕೇ ನಾಳೆ ನಾಡಿದ್ದು ಅನ್ನಬೇಡ.

ಊರಲ್ಲಿ ಚೆನ್ನಾಗಿ ಓಡಿಸುತ್ತಿದ್ದೆ, ಕ್ಲಾಸ್ ಯಾಕೆ ಅಂತ ಅನ್ನಿಸಬಹುದು. ನಮ್ಮವರು ಎಷ್ಟೋ ಜನ ಹಾಗೆಂದುಕೊಂಡು ನೇರ ಟೆಸ್ಟಿಗೆ ಹೋಗಿ ಫೇಲಾಗಿ ಬರುತ್ತಾರೆ. ಇಲ್ಲಿ ಕನ್ನಡಿ ನೋಡದೆ ಲೇನ್ ಬದಲಿಸಿದರೆ ಬರೆದುಕೊಳ್ಳುತ್ತಾರೆ. ರೌಂಡಬೌಟಿನಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡದಿದ್ದರೆ ಅಲ್ಲಿಗೇ ಮುಗಿಯಿತು. 30 ಮೈಲಿ ಮಿತಿ ಇರುವ ಖಾಲಿ ರಸ್ತೆಯಲ್ಲಿ ಸುಮ್ನೆ 15ರಲ್ಲಿ ತೆವಳಿದರೆ ಅದೂ ತಪ್ಪೇ. ಕೈ ಕೂತಿದ್ದರೂ ಕಣ್ಣಿಗೆ ಹೊಸ ಅಭ್ಯಾಸ ಬೇಕು. ಕೆಲವು ಗಂಟೆ ಇಲ್ಲಿನ ಇನ್‌ಸ್ಟ್ರಕ್ಟರ್ ಜೊತೆ ಓಡಿಸು, ಅದಕ್ಕೆ ಕೊಟ್ಟ ದುಡ್ಡು ದಂಡವಲ್ಲ. ಇನ್ನೊಂದು: ಸುಲಭ ಅಂತ ಆಟೋಮ್ಯಾಟಿಕ್ ಕಾರಿನಲ್ಲಿ ಟೆಸ್ಟ್ ಕೊಟ್ಟರೆ ಲೈಸೆನ್ಸೂ ಆಟೋಮ್ಯಾಟಿಕ್‌ಗೆ ಮಾತ್ರ. ಆಮೇಲೆ ಅಗ್ಗದ ಹಳೇ ಮ್ಯಾನ್ಯುಯಲ್ ಕಾರುಗಳೆಲ್ಲ ನಿನ್ನ ಕೈಗೆ ಸಿಗೋದಿಲ್ಲ. ನೀನು ಊರಲ್ಲಿ ಗೇರ್ ಕಾರೇ ಓಡಿಸಿದವಳು, ಅದರಲ್ಲೇ ಕೊಡು.

ಟೆಸ್ಟ್ ಪಾಸಾದರೆ ಬೆಲೆ ಇಳಿಯುತ್ತದಾ ಅಂತ ಬೇಕಾದರೆ ನೀನೇ ನೋಡು. ಕಂಪೇರ್ ದಿ ಮಾರ್ಕೆಟ್, ಮನಿಸೂಪರ್‌ಮಾರ್ಕೆಟ್, ಗೋಕಂಪೇರ್, ಕನ್‌ಫ್ಯೂಸ್ಡ್, ಇವೆಲ್ಲ ಬೇರೆ ಬೇರೆ ಕಂಪನಿಗಳ ಬೆಲೆಯನ್ನು ಒಟ್ಟಿಗೆ ತೋರಿಸುವ ಸೈಟುಗಳು. ಅಲ್ಲಿನ ಫಾರ್ಮಿನಲ್ಲಿ ಲೈಸೆನ್ಸ್ ಯಾವ ಥರದ್ದು ಅಂತ ಒಂದು ಪ್ರಶ್ನೆ ಬರುತ್ತದೆ. ಈಗ ನೀನು ಬೇರೆ ದೇಶದ್ದು ಅಂತ ಹಾಕಿರುತ್ತೀಯ. ಅದಕ್ಕೇ ಎಷ್ಟೋ ಕಂಪನಿಗಳು ಬೆಲೆಯನ್ನೇ ಕೊಡದೆ ಹಿಂದೆ ಸರಿದಿರುತ್ತವೆ. ಉಳಿದ ನಾಲ್ಕಾರು ಕಂಪನಿಗಳದ್ದೇ ಆ 2,600. ಬೇರೆ ಏನನ್ನೂ ಮುಟ್ಟದೆ ಅದೊಂದು ಉತ್ತರವನ್ನು ಯುಕೆ ಫುಲ್ ಲೈಸೆನ್ಸ್ ಅಂತ ಬದಲಿಸಿ ನೋಡು. ಪಟ್ಟಿ ಉದ್ದವಾಗುತ್ತದೆ, ಮೇಲಿನ ಬೆಲೆ ಸಾಮಾನ್ಯವಾಗಿ ಇಳಿಯುತ್ತದೆ. ಇದು ನೋಡೋಕೆ ಮಾತ್ರ, ಕೊಳ್ಳುವಾಗ ನಿಜವನ್ನೇ ಹಾಕಬೇಕು. ಟೆಸ್ಟ್ ಪಾಸಾದರೆ ನಿನ್ನ ಬೆಲೆ ಎಲ್ಲಿಗೆ ಬಂದು ನಿಲ್ಲಬಹುದು ಅನ್ನೋ ಅಂದಾಜು ಸಿಗುತ್ತದೆ.

ಅಪ್ಪನ ಕಾರಿನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಬಗ್ಗೆ ಕೇಳಿದ್ದೀಯ. ಪಾಲಿಸಿ ಅಪ್ಪನ ಹೆಸರಲ್ಲಿದ್ದರೆ ಅದು ನಿನಗೆ ಬರೋದಿಲ್ಲ. ನಿನ್ನದೇ ಹೆಸರಲ್ಲಿ ಇದ್ದಿದ್ದರೆ ಊರಿನ ಕಂಪನಿಯಿಂದ ಇಂಗ್ಲಿಷಿನಲ್ಲಿ ಒಂದು ಪತ್ರ ತರಿಸಿಕೋ. ಬಹಳಷ್ಟು ಕಂಪನಿಗಳು ಅದನ್ನು ಲೆಕ್ಕಕ್ಕೆ ಹಿಡಿಯೋದಿಲ್ಲ, ಕೆಲವು ಹಿಡಿಯುತ್ತವೆ. ಫೋನ್ ಮಾಡಿ ಕೇಳಿದರೆ ನಷ್ಟವೇನಿಲ್ಲ.

ನೀನು ನೋಡಿದ ಕಾರು 1.6 ಇಂಜಿನ್ನಿನದು, ಹಿಂದಿನ ಓನರ್ ಅಲಾಯ್ ವೀಲ್ ಬೇರೆ ಹಾಕಿಸಿದ್ದಾರೆ ಅಂದೆ. ಅದನ್ನು ಬಿಟ್ಟುಬಿಡು. ಇಲ್ಲಿ ಬಹುಕಾಲದಿಂದ ಕಾರುಗಳನ್ನು ಇನ್ಶೂರೆನ್ಸಿಗಾಗಿ 1ರಿಂದ 50ರವರೆಗೆ ಗುಂಪು ಮಾಡಿದ್ದಾರೆ. ಗುಂಪಿನ ನಂಬರ್ ಕಡಿಮೆ ಆದಷ್ಟೂ ಪ್ರೀಮಿಯಂ ಕಡಿಮೆ. ನಮಗೆ ಊರಲ್ಲೇ ಗೊತ್ತಿರುವ ಹ್ಯುಂಡೈ ಐ10, ಅದರ ಜೊತೆ ಕಿಯಾ ಪಿಕಾಂಟೊ, ಫೋಕ್ಸ್‌ವ್ಯಾಗನ್ ಅಪ್, ಇವುಗಳ ಒಂದು ಲೀಟರ್ ಇಂಜಿನ್ ಮಾಡೆಲ್‌ಗಳು ಕೆಳಗಿನ ಗುಂಪಿನವು. ಕಂಪನಿಯಿಂದ ಬಂದ ಹಾಗೇ ಇರುವ, ಏನೂ ಮಾರ್ಪಾಡು ಮಾಡದ ಕಾರು ನೋಡು. ಮಾರಾಟದ ಫೋಟೋದಲ್ಲಿ ನಂಬರ್ ಪ್ಲೇಟ್ ಕಾಣುತ್ತದೆ ಅಲ್ವಾ? ಕಾರು ಇನ್ನೂ ನಿನ್ನದಾಗದಿದ್ದರೂ ಆ ನಂಬರ್ ಹಾಕಿ ಕೋಟ್ ತೆಗೆಯಬಹುದು. ಅದೇ ನಂಬರಿನಿಂದ ಸರ್ಕಾರದ ಸೈಟಿನಲ್ಲಿ ಎಂಒಟಿ (ಕಾರು ಓಡಿಸಲು ಯೋಗ್ಯವಾ ಅಂತ ಪ್ರತಿ ವರ್ಷ ಮಾಡುವ ಪರೀಕ್ಷೆ) ಚರಿತ್ರೆಯನ್ನೂ ಪುಕ್ಕಟೆ ನೋಡಬಹುದು. ಯಾವ ವರ್ಷ ಯಾಕೆ ಫೇಲಾಯಿತು, ಎಷ್ಟು ಮೈಲಿ ಓಡಿತ್ತು, ಎಲ್ಲ ಇರುತ್ತದೆ.

ಫಾರ್ಮ್ ತುಂಬುವಾಗ ನಿಧಾನವಾಗಿ ಕೂತು ತುಂಬು. ಥರ್ಡ್ ಪಾರ್ಟಿ ಅಗ್ಗ ಅಂತ ಊರಿನ ಲೆಕ್ಕದಲ್ಲಿ ಹೋಗಬೇಡ, ಚಿಕ್ಕ ವಯಸ್ಸಿನವರಿಗೆ ಇಲ್ಲಿ ಎಷ್ಟೋ ಸಲ ಸ್ವಂತ ಕಾರಿನ ನಷ್ಟಕ್ಕೂ ಕೊಡುವ ಕಾಂಪ್ರಹೆನ್ಸಿವ್ ಪಾಲಿಸಿಯೇ ಅದಕ್ಕಿಂತ ಕಡಿಮೆಗೆ ಬರುತ್ತದೆ. ಎರಡನ್ನೂ ಹಾಕಿ ನೋಡು. ಎಕ್ಸೆಸ್ ಅಂದರೆ ಕ್ಲೇಮ್ ಮಾಡಿದಾಗ ಮೊದಲು ನಿನ್ನ ಕೈಯಿಂದ ಹೋಗುವ ದುಡ್ಡು. ಅದನ್ನು ಜಾಸ್ತಿ ಮಾಡಿದರೆ ಪ್ರೀಮಿಯಂ ಇಳಿಯುತ್ತದೆ, ನಿಜ. ಆದರೆ ಕಂಪನಿಯ ಕಡ್ಡಾಯ ಎಕ್ಸೆಸ್, ವಯಸ್ಸಿನ ಎಕ್ಸೆಸ್, ನೀನು ಸೇರಿಸಿದ್ದು, ಎಲ್ಲ ಕೂಡಿಸಿ ನೋಡು. 3,000 ಪೌಂಡಿನ ಕಾರಿಗೆ 1,000 ಪೌಂಡ್ ಎಕ್ಸೆಸ್ ಇಟ್ಟುಕೊಂಡರೆ ಸಣ್ಣಪುಟ್ಟ ಪೆಟ್ಟಿಗೆ ಪಾಲಿಸಿ ಇದ್ದೂ ಇಲ್ಲದ ಹಾಗೆ.

ಕಾರನ್ನು ಯಾವುದಕ್ಕೆ ಬಳಸುತ್ತೀಯ ಅನ್ನೋ ಪ್ರಶ್ನೆಯಲ್ಲಿ ನಮ್ಮ ನರ್ಸ್‌ಗಳು ಬಹಳ ಎಡವುತ್ತಾರೆ. ಒಂದೇ ಆಸ್ಪತ್ರೆಗೆ ಹೋಗಿ ಬರುವುದಾದರೆ ಕಮ್ಯೂಟಿಂಗ್ ಹಾಕಿದರೆ ಸಾಕು. ಇವತ್ತು ಈ ಆಸ್ಪತ್ರೆ, ನಾಳೆ ಇನ್ನೊಂದು ಊರಲ್ಲಿ ಬ್ಯಾಂಕ್ ಶಿಫ್ಟ್ (ಬೇಕಾದಾಗ ಕರೆಸುವ ಹೆಚ್ಚುವರಿ ಶಿಫ್ಟ್) ಅಂತಾದರೆ, ಅಥವಾ ಕಮ್ಯೂನಿಟಿ ಕೆಲಸಕ್ಕೆ ಸೇರಿ ರೋಗಿಗಳ ಮನೆಮನೆಗೆ ಹೋಗುವುದಾದರೆ, ಬಿಸಿನೆಸ್ ಯೂಸ್ ಬೇಕಾಗುತ್ತದೆ. ಸ್ವಲ್ಪ ಜಾಸ್ತಿ ಆಗಬಹುದು, ಆದರೂ ಹಾಕಿಸಲೇಬೇಕು.

ಪಾಲಿಸಿ ಶುರುವಾಗುವ ದಿನಕ್ಕೆ ಮೂರು ವಾರಕ್ಕಿಂತ ಸ್ವಲ್ಪ ಮೊದಲು ಕೊಂಡರೆ ಬೆಲೆ ಕಡಿಮೆ ಇರುತ್ತದೆ, ಕೊನೇ ದಿನ ಕೊಂಡರೆ ಏರುತ್ತದೆ. ತಿಂಗಳ ಕಂತು ಅಂದರೆ ಬಹುತೇಕ ಕಡೆ ಅದು ಬಡ್ಡಿ ಸಾಲ. ಸಾಧ್ಯವಾದರೆ ಒಟ್ಟಿಗೆ ಕಟ್ಟು. ಕಂತೇ ಗತಿ ಅಂತಾದರೆ ಒಂದನ್ನೂ ತಪ್ಪಿಸಬೇಡ. ಕಂಪನಿಯೇ ಪಾಲಿಸಿ ರದ್ದು ಮಾಡಿದರೆ "ಯಾವತ್ತಾದರೂ ನಿಮ್ಮ ಪಾಲಿಸಿ ರದ್ದಾಗಿದೆಯಾ" ಅನ್ನುವ ಪ್ರಶ್ನೆಗೆ ಮುಂದೆ ಹೌದು ಅಂತಲೇ ಬರೆಯಬೇಕು, ಅದಕ್ಕೆ ಬೆಲೆ ತೆರುತ್ತಲೇ ಇರಬೇಕು.

ಬ್ಲ್ಯಾಕ್ ಬಾಕ್ಸ್ ಹಾಕಿಸಿಕೊಳ್ಳಲಾ ಅಂತ ಕೇಳಿದ್ದೀಯ. ನೀನು ಹೇಗೆ ಓಡಿಸುತ್ತೀಯ ಅಂತ ಅಳೆಯೋಕೆ ಕಾರಿಗೆ ಒಂದು ಸಾಧನ ಕೂರಿಸುತ್ತಾರೆ, ಇಲ್ಲವೇ ಫೋನಿನಲ್ಲಿ ಆ್ಯಪ್. ನನ್ನ ತಂಗಿಯ ಮಗ ನಾಟಿಂಗ್‌ಹ್ಯಾಮಿನಲ್ಲಿ ನಮ್ಮ ಮನೆಯಲ್ಲೇ ಇದ್ದಾಗ ಅಂಥದ್ದೇ ಪಾಲಿಸಿ ತೆಗೆದುಕೊಂಡಿದ್ದ. ಸಂಜೆ ಊಟಕ್ಕೆ ಕೂತಾಗ ಆ್ಯಪ್ ತೆಗೆದು ಅಂಕ ನೋಡುವುದು ಅವನಿಗೊಂದು ರೂಢಿ. ಎಲ್ಲಿ ಜೋರಾಗಿ ಬ್ರೇಕ್ ಹಾಕಿದ, ಯಾವ ತಿರುವಿನಲ್ಲಿ ವೇಗ ಜಾಸ್ತಿ ಇತ್ತು, ಮ್ಯಾಪಿನ ಮೇಲೆ ಚುಕ್ಕೆ ಇಟ್ಟು ತೋರಿಸುತ್ತಿತ್ತು. ಅವನಿಗೆ ಅದರಿಂದ ಒಳ್ಳೆಯದೇ ಆಯಿತು, ಓಡಿಸುವ ರೀತಿಯೂ ಸುಧಾರಿಸಿತು. ಆದರೆ ಅವನದು ಹಗಲು ಕೆಲಸ, ನಿನ್ನದು ಶಿಫ್ಟ್. ಕೆಲವು ಬ್ಲ್ಯಾಕ್ ಬಾಕ್ಸ್ ಪಾಲಿಸಿಗಳು ರಾತ್ರಿ ಹನ್ನೊಂದರಿಂದ ಬೆಳಗಿನ ಜಾವದವರೆಗೆ ಓಡಿಸಿದರೆ ಅಂಕ ಕಳೆಯುತ್ತವೆ. ಎಲ್ಲವೂ ಹಾಗಲ್ಲ. ನೈಟ್ ಡ್ಯೂಟಿ ಇರುತ್ತದೆ ಅಂತ ಮೊದಲೇ ಕೇಳಿ, ಪಾಲಿಸಿಯ ಕಾಗದದಲ್ಲಿ ಓದಿ, ಆಮೇಲೆ ತೆಗೆದುಕೋ. ವರ್ಷಕ್ಕೆ ಇಷ್ಟೇ ಮೈಲಿ ಅನ್ನುವ ಮಿತಿಯನ್ನೂ ನೋಡು.

ಇನ್ನು ನೀನು ಕೊನೆಗೆ ಬರೆದ ಎರಡು ವಿಷಯ. ಓದಿ ನನಗೆ ಭಯವಾಯಿತು, ನೇರವಾಗಿಯೇ ಹೇಳುತ್ತೇನೆ.

ವಾರ್ಡಿನ ಸೀನಿಯರ್ ಸಿಸ್ಟರ್ "ನನ್ನ ಹೆಸರನ್ನು ಮೇನ್ ಡ್ರೈವರ್ ಅಂತ ಹಾಕು, ನೀನು ನೇಮ್ಡ್ ಡ್ರೈವರ್ ಆಗು, ಅರ್ಧಕ್ಕರ್ಧ ಇಳಿಯುತ್ತೆ" ಅಂದರಂತೆ. ಮೇನ್ ಡ್ರೈವರ್ ಅಂದರೆ ಹೆಚ್ಚಾಗಿ ಓಡಿಸುವವರು, ನೇಮ್ಡ್ ಡ್ರೈವರ್ ಅಂದರೆ ಆಗಾಗ ಓಡಿಸಲು ಪಾಲಿಸಿಯಲ್ಲಿ ಹೆಸರು ಸೇರಿಸಿದವರು. ಅವರು ಪ್ರೀತಿಯಿಂದಲೇ ಹೇಳಿರಬಹುದು. ಇದಕ್ಕೆ ಇಲ್ಲಿ ಫ್ರಂಟಿಂಗ್ ಅಂತಾರೆ, ಇದು ವಂಚನೆ. ದಿನಾ ಓಡಿಸುವವಳು ನೀನು ಅಂತ ಗೊತ್ತಾದರೆ ಕಂಪನಿ ಕ್ಲೇಮ್ ಕೊಡದೆ ಪಾಲಿಸಿಯನ್ನೇ ತೆಗೆದುಹಾಕಬಹುದು, ಅವರ ಹೆಸರೂ ಹಾಳಾಗುತ್ತದೆ. ನೀನೇ ಮೇನ್ ಡ್ರೈವರ್ ಆಗಿದ್ದು, ಅನುಭವ ಇರುವ ಅವರು ನಿಜವಾಗಿಯೂ ಆಗಾಗ ಓಡಿಸುವುದಿದ್ದರೆ, ಅವರನ್ನು ನೇಮ್ಡ್ ಡ್ರೈವರ್ ಅಂತ ಸೇರಿಸು. ಅದು ಕಾನೂನಿಗೆ ಸರಿ, ಬೆಲೆಯೂ ಇಳಿಯಬಹುದು.

ಎರಡನೆಯದು, ವಾಟ್ಸಾಪಿನಲ್ಲಿ 900 ಪೌಂಡಿಗೆ ಪಾಲಿಸಿ ಮಾಡಿಸಿಕೊಡುತ್ತೇನೆ ಅನ್ನುವ ಬ್ರೋಕರ್. ದಯವಿಟ್ಟು ಅವನಿಗೆ ಒಂದು ಪೌಂಡೂ ಕೊಡಬೇಡ, ಪಾಸ್‌ಪೋರ್ಟ್ ಫೋಟೋನೂ ಕಳಿಸಬೇಡ. ಹೊಸದಾಗಿ ಬಂದವರನ್ನೇ ಹುಡುಕಿ ಹೀಗೆ ಮಾಡುವವರಿದ್ದಾರೆ. ನಿನ್ನ ವಯಸ್ಸು, ವಿಳಾಸ ಸುಳ್ಳು ಹಾಕಿ ಪಾಲಿಸಿ ತೆಗೆಯುತ್ತಾರೆ, ಇಲ್ಲವೇ ಬರೀ ನಕಲಿ ಕಾಗದ ಕೊಡುತ್ತಾರೆ. ಪೊಲೀಸರ ಕ್ಯಾಮೆರಾ ನಂಬರ್ ಪ್ಲೇಟ್ ನೋಡಿಯೇ ಇನ್ಶೂರೆನ್ಸ್ ಇದೆಯಾ ಇಲ್ಲವಾ ಹೇಳಿಬಿಡುತ್ತದೆ. ಇನ್ಶೂರೆನ್ಸ್ ಇಲ್ಲದೆ ಓಡಿಸಿದರೆ 300 ಪೌಂಡ್ ದಂಡ, ಲೈಸೆನ್ಸ್ ಮೇಲೆ 6 ಪೆನಾಲ್ಟಿ ಪಾಯಿಂಟ್ (ತಪ್ಪಿನ ಅಂಕ), ಕಾರನ್ನೂ ಎಳೆದುಕೊಂಡು ಹೋಗಬಹುದು. ಕೋರ್ಟಿಗೆ ಹೋದರೆ ಇನ್ನೂ ಜಾಸ್ತಿ. ಇಲ್ಲಿ ಟೆಸ್ಟ್ ಪಾಸಾದ ಮೊದಲ ಎರಡು ವರ್ಷದಲ್ಲಿ 6 ಪಾಯಿಂಟ್ ಬಿದ್ದರೆ ಲೈಸೆನ್ಸೇ ಹೋಗುತ್ತದೆ, ಮತ್ತೆ ಥಿಯರಿಯಿಂದ ಶುರು. ಓಡಿಸುವಾಗ ಫೋನ್ ಕೈಯಲ್ಲಿ ಹಿಡಿದರೂ ಅದೇ 6 ಪಾಯಿಂಟ್, ನೆನಪಿರಲಿ. ಕಂಪನಿಯಾಗಲಿ ಬ್ರೋಕರ್ ಆಗಲಿ, ಎಫ್‌ಸಿಎ ಅನ್ನುವ ಹಣಕಾಸು ನಿಯಂತ್ರಣ ಸಂಸ್ಥೆಯ ರಿಜಿಸ್ಟರಿನಲ್ಲಿ ಹೆಸರಿದೆಯಾ ಅಂತ ಹುಡುಕಿ ನೋಡು. ಪಾಲಿಸಿ ಕೊಂಡ ಕೆಲವು ದಿನಗಳ ಮೇಲೆ ನಿನ್ನ ಕಾರು ಇನ್ಶೂರೆನ್ಸ್ ಇರುವ ಕಾರುಗಳ ಪಟ್ಟಿ ಇಡುವ ಮೋಟಾರ್ ಇನ್ಶೂರರ್ಸ್ ಬ್ಯೂರೋದ ದಾಖಲೆಗೆ ಬಂದಿದೆಯಾ ಅಂತಲೂ ನೋಡಬಹುದು.

ಮೊದಲ ವರ್ಷ ಕೈ ಸುಡುತ್ತದೆ, ಸುಳ್ಳು ಹೇಳಲಾರೆ. ಒಂದು ವರ್ಷ ಕ್ಲೇಮ್ ಇಲ್ಲದೆ ದಾಟಿದರೆ ನಿನ್ನ ಹೆಸರಿನಲ್ಲೇ ನೋ ಕ್ಲೇಮ್ ಬೋನಸ್ ಶುರುವಾಗುತ್ತದೆ, 25 ದಾಟುವುದೂ ನಿನಗೆ ಅನುಕೂಲ. ರಿನ್ಯೂವಲ್ ಕಾಗದ ಬಂದಾಗ ಸುಮ್ನೆ ಒಪ್ಪಿಕೊಳ್ಳದೆ ಮತ್ತೆ ಎಲ್ಲ ಸೈಟಿನಲ್ಲೂ ನೋಡು.

ಅಲ್ಲಿಯವರೆಗೆ ಭಾನುವಾರದ ಶಿಫ್ಟಿಗೆ ಅದೇ ದಾರಿಯಲ್ಲಿ ಬರುವ ಸಹೋದ್ಯೋಗಿ ಇದ್ದರೆ ಪೆಟ್ರೋಲ್ ಖರ್ಚು ಹಂಚಿಕೊಂಡು ಅವರ ಜೊತೆ ಹೋಗು. ವಾರ್ಡ್ ಮ್ಯಾನೇಜರ್ ಹತ್ತಿರವೂ ಬಸ್ಸಿಲ್ಲದ ವಿಷಯ ಹೇಳು, ಸಾಧ್ಯವಾದರೆ ರೋಟಾ (ಡ್ಯೂಟಿ ಪಟ್ಟಿ) ಬದಲಿಸಿಕೊಡುತ್ತಾರೆ. ಪ್ರೊವಿಷನಲ್ ಅರ್ಜಿ ಹಾಕಿದ ಮೇಲೆ, ಒಂದು ಲೀಟರ್ ಇಂಜಿನ್ನಿನ ಎರಡು ಮೂರು ಕಾರುಗಳಿಗೆ ಕೋಟ್ ತೆಗೆದು ನನಗೆ ಕಳಿಸು. ಎಕ್ಸೆಸ್ ಎಷ್ಟು, ರಾತ್ರಿ ಕಾರು ರಸ್ತೆಯಲ್ಲಿ ನಿಲ್ಲುತ್ತದಾ ಮನೆಯ ಅಂಗಳದಲ್ಲಾ, ಅದನ್ನೂ ಬರಿ. ಇಬ್ಬರೂ ಕೂತು ನೋಡೋಣ.