ಮಿನಿಸರ್ಕಲ್ ಯಾಕೆ ಬೇಗ ಸದ್ದಡಗಲ್ಲ?

ಕೋಶಕ್ಕೆ ಜೀನ್ ಹೊತ್ತೊಯ್ಯಲು ಬ್ಯಾಕ್ಟೀರಿಯಾದಲ್ಲಿ ಬೆಳೆಸುವ ಡಿಎನ್‌ಎ ಉಂಗುರ ಪ್ಲಾಸ್ಮಿಡ್; ಅದರಿಂದ ಬ್ಯಾಕ್ಟೀರಿಯಾದ ಭಾಗ ತೆಗೆದು ಉಳಿಸಿದ ಚಿಕ್ಕ ಉಂಗುರ ಮಿನಿಸರ್ಕಲ್. "ಜೀನ್ ಅದೇ, ಅದನ್ನು ಚಾಲೂ ಮಾಡುವ ಪ್ರೊಮೋಟರ್ ಅದೇ, ಪ್ಲಾಸ್ಮಿಡ್ ಮಾತ್ರ ಕೆಲವೇ ವಾರಗಳಲ್ಲಿ ಸುಮ್ಮನಾಗುತ್ತೆ, ಮಿನಿಸರ್ಕಲ್ ಯಾಕಾಗಲ್ಲ?" ಅಂತ ಕೇಳಿದ್ದೀರಿ. ತಪ್ಪು ಜೀನಿನದ್ದಲ್ಲ, ಅದರ ಬೆನ್ನಿಗಂಟಿ ಬಂದ ಬ್ಯಾಕ್ಟೀರಿಯಾದ ಸಾಮಾನಿನದ್ದು. ಆಂಟಿಬಯೋಟಿಕ್ ನಿರೋಧಕ ಜೀನು, ಒರಿಜಿನ್ (ಉಂಗುರದ ನಕಲು ಶುರುವಾಗುವ ಜಾಗ) ಎಲ್ಲ ಅದನ್ನು ಬೆಳೆಸುವ ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಬೇಕು, ನಮ್ಮ ಕೋಶಕ್ಕೆ ಬರೀ ಹೊರೆ. ಓದಿಸಿಕೊಳ್ಳದೆ ಬಿದ್ದಿರುವ ಆ ಉದ್ದನೆಯ ಡಿಎನ್‌ಎ ಮೇಲೆ ಹೆಟೆರೋಕ್ರೊಮಾಟಿನ್ (ಜೀನುಗಳನ್ನು ಓದಲು ಬಿಡದ ಬಿಗಿ ಸುತ್ತು) ಕೂತು ಪಕ್ಕದ ಜೀನಿನ ಬಾಯನ್ನೂ ಮುಚ್ಚಿಸುತ್ತೆ. ಮಿನಿಸರ್ಕಲ್ ತಯಾರಿಸುವಾಗ ಫೈಸಿ31 ಇಂಟಿಗ್ರೇಸ್ ಅನ್ನೋ ಕಿಣ್ವ ಬ್ಯಾಕ್ಟೀರಿಯಾದೊಳಗೇ ಆ ಬೇಡದ ಭಾಗವನ್ನು ಬೇರೆ ಉಂಗುರವಾಗಿ ಕತ್ತರಿಸಿಬಿಡುತ್ತೆ.

ಆದ್ರೆ ಶಾಶ್ವತ ಅಂದ್ಕೋಬೇಡಿ. ಇದು ಕ್ರೋಮೋಸೋಮಿಗೆ ಸಾಮಾನ್ಯವಾಗಿ ಸೇರಲ್ಲ, ಕೋಶ ವಿಭಜನೆಯಾದಂತೆಲ್ಲ ಕರಗುತ್ತಾ ಹೋಗುತ್ತೆ. ಕೋಶಗಳು ಅಪರೂಪಕ್ಕೆ ವಿಭಜನೆಯಾಗುವ ಯಕೃತ್ತು, ಸ್ನಾಯುವಿಗೆ ಸರಿ. ಡಿಎನ್‌ಎ ಕತ್ತರಿಸುವ ಕ್ಯಾಸ್9 ಕಿಣ್ವದ ಜೀನ್ ಹಾಕೋ ಯೋಚನೆಯಿದ್ರೆ ನಾನಂತೂ ಪ್ರೋಟೀನ್ ಮಾಡುವ ಸೂಚನೆ ಹೊತ್ತು ಬೇಗ ಕರಗಿಹೋಗುವ ಎಂಆರ್‌ಎನ್‌ಎ ಅಂತೀನಿ: ಕತ್ತರಿ ಹೆಚ್ಚು ದಿನ ಉಳಿದಷ್ಟೂ ಬೇಡದ ಕಡೆ ಕತ್ತರಿಸುತ್ತೆ.