ಮೀಟರ್ 14 ಅನ್ನುತ್ತೆ, ಸೌದೆ ಮಾತ್ರ ಉರಿಯಲ್ಲ

ಪ್ರಶ್ನೆ: ಅಂಗಳದಂಚಿನ ಅಕೇಶಿಯಾ ಮರವನ್ನು ಜನವರಿಯಲ್ಲಿ ಕಡಿಸಿ, ತುಂಡು ಮಾಡಿ ಕೊಟ್ಟಿಗೆಯಲ್ಲಿ ಒಟ್ಟಿದ್ದೇವೆ. ಈಗ ಮೇ ತಿಂಗಳು. ಬಚ್ಚಲೊಲೆಗೆ ಹಾಕಿದರೆ ಬರೀ ಹೊಗೆ, ತುದಿಯಲ್ಲಿ ನೊರೆ. ಮಗ ತಂದ ತೇವಾಂಶ ಮೀಟರ್ ಮಾತ್ರ ಶೇಕಡಾ 14 ತೋರಿಸುತ್ತೆ. ಮೀಟರ್ ಕೆಟ್ಟಿದೆಯಾ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮೀಟರ್ ಸರಿಯಾಗಿಯೇ ಇರಬಹುದು. ನೀವು ಅದನ್ನು ಹೊರಮೈಗೆ ಚುಚ್ಚಿದ್ದೀರಿ, ಅಲ್ವಾ? ಅದರ ಎರಡು ಮೊಳೆ ಒಳಗೆ ಹೋಗುವುದು ಅರ್ಧ ಸೆಂಟಿಮೀಟರಿನಷ್ಟು. ಬೇಸಿಗೆಯಲ್ಲಿ ಅಷ್ಟು ಭಾಗ ಬೇಗ ಒಣಗಿರುತ್ತೆ. ನೀರು ಇರುವುದು ನಡುವೆ.

ಒಂದು ದಪ್ಪ ತುಂಡನ್ನು ಈಗಲೇ ಒಡೆಸಿ. ಹೊಸದಾಗಿ ಸೀಳಿದ ಮೈಯ ಮಧ್ಯಕ್ಕೆ, ನಾರಿನ ಉದ್ದಕ್ಕೆ ಮೊಳೆ ಬರುವಂತೆ ಚುಚ್ಚಿ. 20ಕ್ಕಿಂತ ಕಡಿಮೆ ಬಂದರೆ ಉರಿಸಬಹುದು. 30 ದಾಟಿದರೆ ಅಂಕಿಯ ಲೆಕ್ಕ ಬಿಡಿ, ಅಲ್ಲಿಂದ ಮೇಲೆ ಈ ಮೀಟರುಗಳು ನಿಖರವಲ್ಲ. ಹಸಿ ಅಂತ ತಿಳಿದರೆ ಸಾಕು. ಒಟ್ಟಿಲಿನ ಮೇಲಿಂದ, ನಡುವಿಂದ, ತಳದಿಂದ ಒಂದೊಂದು ತುಂಡು ತೆಗೆದು ನೋಡಿ.

ಮೀಟರ್ ಇಲ್ಲದೆಯೂ ಆಗುತ್ತೆ. ನಮ್ಮಮ್ಮ ಸೀಳಿದ ಮೈಯನ್ನು ಕೆನ್ನೆಗೆ ಹಿಡಿದು ನೋಡುತ್ತಿದ್ದರು. ತಣ್ಣಗಿದ್ದರೆ ವಾಪಸ್ ಕೊಟ್ಟಿಗೆಗೆ. ಎರಡು ತುಂಡು ಕುಟ್ಟಿದರೆ ಒಣಗಿದ್ದು ಟಣ್ ಅನ್ನುತ್ತೆ, ಹಸಿಯದು ದಬ್ ಅನ್ನುತ್ತೆ. ತುದಿಯ ಬಿರುಕನ್ನು ಮಾತ್ರ ನಂಬಬೇಡಿ. ತುದಿ ಮೊದಲು ಒಣಗಿ ಸೀಳುತ್ತೆ, ಒಳಗೆ ನೀರು ಹಾಗೇ ಇರುತ್ತೆ.

ನನಗೆ ಜಾಸ್ತಿ ನಂಬಿಕೆ ಅಡಿಕೆ ತೂಗುವ ತಕ್ಕಡಿಯ ಮೇಲೆ. ಮೂರು ತುಂಡಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುತ್ತಿದ್ದರೆ ನೀರು ಇನ್ನೂ ಹೋಗುತ್ತಿದೆ. ಬಿಸಿಲುಗಾಲದಲ್ಲಿ ಇಳಿಯುವುದು ನಿಂತರೆ ಸೌದೆ ಒಣಗಿತು. ಮಳೆಗಾಲದಲ್ಲಿ ತೂಕ ಸ್ವಲ್ಪ ಏರುತ್ತೆ. ಒಣಗಿದ ಮರವೂ ನಮ್ಮ ಮಲೆನಾಡಿನ ಗಾಳಿಯಿಂದ ತೇವ ಹೀರುತ್ತೆ.

ಹಸಿ ಸೌದೆಯಿಂದ ನಷ್ಟ ಎಷ್ಟು? ಒಂದು ಕೆಜಿ ನೀರು ಆವಿಯಾಗಲು ಸುಮಾರು 2.6 ಮೆಗಾಜೂಲ್ ಶಾಖ ಬೇಕು. ಪೂರ್ತಿ ಒಣಗಿದ ಒಂದು ಕೆಜಿ ಮರದಲ್ಲಿ ಇರುವುದು ಸುಮಾರು 18. ಲೆಕ್ಕಕ್ಕೆ ಇದು ಸಣ್ಣದು. ಆದರೆ ಆ ನೀರು ಬೆಂಕಿಯನ್ನು ತಣ್ಣಗಾಗಿಸುತ್ತೆ. ಮರದಿಂದ ಹೊರಟ ಅನಿಲ ಉರಿಯದೆ ಹೊಗೆಯಾಗಿ ಹೋಗುತ್ತೆ, ಕೊಳವೆಯೊಳಗೆ ಟಾರಿನ ಹಾಗೆ ಅಂಟುತ್ತೆ. ಅಸ್ತ್ರ ಒಲೆ, ಅಂದರೆ ಹೊಗೆ ಕಡಿಮೆ ಮಾಡುವ ಸುಧಾರಿತ ಒಲೆ, ಇದ್ದರೂ ಹಸಿ ಸೌದೆಗೆ ಅದೇ ಗತಿ. ಕೊಳವೆ ಕಟ್ಟಿಕೊಂಡರೆ ಹೊಗೆ ಬಚ್ಚಲಿಗೇ ಬರುತ್ತೆ.

ನಿಮ್ಮ ತಪ್ಪು ಒಂದೇ, ದಪ್ಪ ತುಂಡುಗಳನ್ನು ಒಡೆಸದೆ ಒಟ್ಟಿದ್ದು. ಸಿಪ್ಪೆ ನೀರನ್ನು ಸುಲಭಕ್ಕೆ ಬಿಡಲ್ಲ. ಮಳೆ ಹಿಡಿಯುವ ಮೊದಲು ಮಣಿಕಟ್ಟಿನ ದಪ್ಪಕ್ಕೆ ಒಡೆಸಿ. ಕೆಳಗೆ ಎರಡು ಗಳ ಇಟ್ಟು, ಗಾಳಿಯಾಡುವ ಹಾಗೆ ಒಟ್ಟಿ. ಟಾರ್ಪಾಲನ್ನು ನೆತ್ತಿಗೆ ಮಾತ್ರ ಹೊದಿಸಿ. ಸುತ್ತಲೂ ಬಿಗಿದರೆ ಬೂಸ್ಟು ಬರುತ್ತೆ.

ಇಷ್ಟು ಮಾಡಿದರೂ ಈ ಅಕೇಶಿಯಾ ಈ ಮಳೆಗಾಲಕ್ಕೆ ಒದಗುವುದು ಅನುಮಾನ. ಹಳೆ ಸೌದೆ, ಕರಟ, ತೆಂಗಿನ ಮಟ್ಟೆಯಲ್ಲಿ ಕಾಲ ಹಾಕಿ. ಎರಡು ದಿನಕ್ಕಾಗುವಷ್ಟು ಸೌದೆಯನ್ನು ಒಲೆಯಿಂದ ಎರಡಡಿ ದೂರದಲ್ಲಿ ಬೆಚ್ಚಗಿಡಿ. ಒಲೆಗೆ ತಾಗಿಸಬೇಡಿ, ಕಿಡಿ ಹಾರುತ್ತೆ.