ಹೊಸ ಮನೆ, ಚಿತ್ರಸಂತೆಯಿಂದ ತಂದ ಎರಡು ಕ್ಯಾನ್ವಾಸ್: ಗ್ಲಾಸ್ ಹಾಕಿಸಬೇಕಾ, ಒರೆಸುವುದು ಹೇಗೆ?

ನೀವು ಬರೆದಿರುವ ಪ್ರಕಾರ, ದಾವಣಗೆರೆಯಲ್ಲಿ ಈಗಷ್ಟೇ ಗೃಹಪ್ರವೇಶ ಆಗಿದೆ. ಬೆಂಗಳೂರಿನ ಚಿತ್ರಸಂತೆಯಲ್ಲಿ ಎರಡು ಪೇಂಟಿಂಗ್ ಕೊಂಡಿದ್ದೀರಿ. ದೊಡ್ಡದು ಆಯಿಲ್, ಚಿಕ್ಕದು ಅಕ್ರಿಲಿಕ್. ಗ್ಲಾಸ್ ಬೇಕಾ, ಒರೆಸುವುದು ಹೇಗೆ, ಬಣ್ಣ ಮಾಸದಂತೆ ಏನು ಹಚ್ಚಬೇಕು ಅಂತ ಕೇಳಿದ್ದೀರಿ. ನಾನು ಇಲ್ಲೇ ದೃಶ್ಯಕಲಾ ಕಾಲೇಜಿನಲ್ಲಿ ಪೇಂಟಿಂಗ್ ಓದಿ, ಈಗ ಫ್ರೇಮ್ ಕೆಲಸ ಮಾಡುತ್ತಿರುವವನು. ನನ್ನನ್ನು ಕೇಳಿದರೆ ಮೊದಲು ನೋಡಬೇಕಾದದ್ದು ಗೋಡೆ. ಗೋಡೆ ಸರಿಯಾಗಿ ಆರಿಸಿದರೆ ಆಮೇಲೆ ಮಾಡುವ ಕೆಲಸ ತೀರಾ ಕಮ್ಮಿ.

ಹೊಸ ಮನೆ ಅಂದಿರಲ್ಲ, ನನಗೆ ಯೋಚನೆ ಬಂದಿದ್ದೇ ಅದಕ್ಕೆ. ಸಿಮೆಂಟ್ ಪ್ಲಾಸ್ಟರ್ ಮೇಲೆ ಒಣಗಿದಂತೆ ಕಂಡರೂ ಒಳಗಿನ ತೇವ ಪೂರ್ತಿ ಹೋಗಲು ತಿಂಗಳುಗಳೇ ಬೇಕು. ಅಂಥ ಗೋಡೆಗೆ ಕ್ಯಾನ್ವಾಸ್ ಒತ್ತಿಕೊಂಡು ಕೂತರೆ ಹಿಂದಿನ ಬಟ್ಟೆ ಆ ತೇವ ಕುಡಿಯುತ್ತದೆ. ಬಟ್ಟೆ ಒಮ್ಮೆ ಬಿಗಿಯಾಗುತ್ತದೆ, ಒಮ್ಮೆ ಸಡಿಲವಾಗುತ್ತದೆ. ಮೇಲಿನ ಒಣಗಿದ ಬಣ್ಣಕ್ಕೆ ಅಷ್ಟು ಎಳೆದಾಡುವ ಶಕ್ತಿ ಇಲ್ಲ, ಕೊನೆಗೆ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಹಿಂದುಗಡೆ ಬೂಷ್ಟು ಬೇರೆ. ಅದಕ್ಕೇ ಹೊರಗೋಡೆ ಬಿಟ್ಟು, ಎರಡು ಕೋಣೆಗಳ ನಡುವಿನ ಗೋಡೆ ನೋಡಿ. ಅದರ ಆ ಕಡೆ ಬಾತ್‌ರೂಮ್ ಇರಬಾರದು. ಫ್ರೇಮಿನ ಹಿಂದೆ ಕೆಳಗಿನ ಎರಡೂ ಮೂಲೆಗೆ ಕಾರ್ಕ್ ಅಥವಾ ರಬ್ಬರ್ ತುಂಡು ಅಂಟಿಸಿ. ಗೋಡೆಗೂ ಚಿತ್ರಕ್ಕೂ ಬೆರಳು ತೂರುವಷ್ಟು ಜಾಗ ಬಿಟ್ಟರೆ ಗಾಳಿಯಾಡುತ್ತದೆ.

ಇನ್ನು ಬಿಸಿಲು. ನಮ್ಮೂರಿನ ಏಪ್ರಿಲ್ ನಿಮಗೆ ಗೊತ್ತೇ ಇದೆ. ಪಡುವಣ ಗೋಡೆಯನ್ನು ಸಂಜೆ ಮುಟ್ಟಿದರೂ ಕಾದಿರುತ್ತದೆ. ಅಕ್ರಿಲಿಕ್ ಬಣ್ಣ ಒಂದು ಥರದ ಪ್ಲಾಸ್ಟಿಕ್ಕೇ ಅಲ್ವಾ, ಸೆಕೆಗೆ ಮೆದುವಾಗಿ ಧೂಳನ್ನು ಮೈಗೆ ಹತ್ತಿಸಿಕೊಳ್ಳುತ್ತದೆ. ಕಿಟಕಿಯಿಂದ ನೇರ ಬಿಸಿಲು ಬೀಳುವ ಗೋಡೆಯಂತೂ ಬೇಡವೇ ಬೇಡ. ಬಿಸಿಲಲ್ಲಿರುವ ಅತಿನೇರಳೆ ಕಿರಣದಿಂದ ಬಣ್ಣ ಮಾಸುತ್ತದೆ. ಮ್ಯೂಸಿಯಂಗಳಲ್ಲಿ ಆಯಿಲ್ ಪೇಂಟಿಂಗಿಗೆ ಸುಮಾರು 200 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಬೆಳಕು ಸಾಕು ಅನ್ನುತ್ತಾರೆ, ನೇರ ಬಿಸಿಲಿನಲ್ಲಿ ಅದು ಲಕ್ಷದ ಹತ್ತಿರ ಹೋಗುತ್ತದೆ. ವಾಸ್ತು ಪ್ರಕಾರ ಯಾವ ದಿಕ್ಕು ಅಂತ ಕೇಳುವವರು ತುಂಬಾ ಜನ. ನಾನು ಬಿಸಿಲು ಯಾವ ದಿಕ್ಕಿಂದ ಬರುತ್ತದೆ ಅಂತ ಮಾತ್ರ ನೋಡುತ್ತೇನೆ. ಹಾಗಂತ ಆಯಿಲ್ ಪೇಂಟಿಂಗನ್ನು ಬಟ್ಟೆ ಸುತ್ತಿ ಕತ್ತಲೆಯಲ್ಲಿ ಇಡಲೂಬಾರದು. ಅದರಲ್ಲಿರುವುದು ಸಾಮಾನ್ಯವಾಗಿ ಅಗಸೆ ಎಣ್ಣೆ, ನಾವು ಚಟ್ನಿಪುಡಿ ಮಾಡುವ ಅದೇ ಅಗಸೆ. ಕತ್ತಲೆಯಲ್ಲಿ ಆ ಎಣ್ಣೆ ಹಳದಿ ತಿರುಗುತ್ತದೆ. ಸಾಧಾರಣ ಹಗಲು ಬೆಳಕು ಬೀಳುವ ಹಾಲ್ ಇದ್ದರೆ ಎರಡಕ್ಕೂ ಒಳ್ಳೆಯದು.

ಅಡುಗೆಮನೆ ಬಾಗಿಲ ಎದುರು, ದೇವರಮನೆ ಪಕ್ಕ ಹಾಕಬೇಡಿ. ಒಗ್ಗರಣೆಯ ಎಣ್ಣೆಹೊಗೆ, ಊದುಬತ್ತಿ, ದೀಪದ ಕರಿ ಎಲ್ಲಾ ಸೇರಿ ಒಂದು ಜಿಡ್ಡು ಕೂರುತ್ತದೆ. ಅದನ್ನು ಮನೆಯಲ್ಲಿ ತೆಗೆಯಲು ಆಗುವುದಿಲ್ಲ. ಮನೆಯಲ್ಲಿ ಹೋಮ, ಸತ್ಯನಾರಾಯಣ ಪೂಜೆ ಇದ್ದ ದಿನ ಚಿತ್ರ ಇಳಿಸಿ ಬೇರೆ ರೂಮಿನಲ್ಲಿಡಿ. ದೀಪಾವಳಿಗೆ ಸುಣ್ಣ ಬಣ್ಣ ಮಾಡಿಸುವಾಗಲೂ ಅಷ್ಟೇ.

ಗ್ಲಾಸ್ ಬೇಡ. ಹಾಕಿಸಲೇಬೇಕು ಅಂದರೆ ಗಾಜು ಬಣ್ಣಕ್ಕೆ ತಾಗದಂತೆ ನಡುವೆ ಪಟ್ಟಿ ಕೊಡಿಸಿ, ಇಲ್ಲದಿದ್ದರೆ ಸೆಕೆಗೆ ಬಣ್ಣ ಗಾಜಿಗೆ ಅಂಟುತ್ತದೆ. ಗ್ಲಾಸಿಗೆ ಕೊಡುವ ದುಡ್ಡನ್ನು ಹಿಂಬದಿಯ ಹಲಗೆಗೆ ಹಾಕಿ. ಬಿಲ್ ಕಮ್ಮಿ ಮಾಡಲು ಎಲ್ಲರೂ ಇದನ್ನೇ ಬಿಡುತ್ತಾರೆ, ನನಗೆ ಸಿಟ್ಟು ಬರುವುದೂ ಇಲ್ಲೇ. ಧೂಳು, ಹಲ್ಲಿ, ಜಿರಳೆ ಎಲ್ಲಾ ಸೇರಿಕೊಳ್ಳುವುದು ಹಿಂದಿನಿಂದ ತಾನೇ? ಕ್ಯಾನ್ವಾಸಿಗೂ ಕೆಳಗಿನ ಮರದ ಪಟ್ಟಿಗೂ ನಡುವೆ ಮೊಳೆ, ಗಾರೆ ಚೂರು ಬಿದ್ದರೆ ಮುಂದೆ ಗುಬುಟು ಏಳುತ್ತದೆ. ತೆಳು ಹಾರ್ಡ್‌ಬೋರ್ಡ್ ಹಾಕಿಸಿ ಸ್ಕ್ರೂ ಹಾಕಿಸಿದರೆ ಈ ಯಾವುದೂ ಇಲ್ಲ.

ಒರೆಸುವ ವಿಷಯ: ಒದ್ದೆ ಬಟ್ಟೆ, ಕಾಲಿನ್, ಸೋಪು ಯಾವುದೂ ಬೇಡ. ಇಂಟರ್ನೆಟ್ಟಿನಲ್ಲಿ ಆಲೂಗಡ್ಡೆ, ಬ್ರೆಡ್ಡು ಉಜ್ಜಿ ಅಂತಾರೆ, ಉಜ್ಜಿದ ಮೇಲೆ ಉಳಿಯುವ ಪಿಷ್ಟಕ್ಕೆ ಹುಳ ಬೂಷ್ಟು ಬರುತ್ತದೆ ಅಷ್ಟೆ. ಮೆತ್ತನೆ ಕೂದಲಿನ ಅಗಲ ಬ್ರಶ್ ಒಂದನ್ನು ಇದಕ್ಕೇ ಅಂತ ಇಟ್ಟುಕೊಂಡು ಮೇಲಿನಿಂದ ಕೆಳಕ್ಕೆ ಹಗುರವಾಗಿ ಆಡಿಸಿ. ಮೂರು ನಾಲ್ಕು ತಿಂಗಳಿಗೊಮ್ಮೆ ಸಾಕು. ಬಣ್ಣ ಎಲ್ಲಾದರೂ ಎದ್ದಿದ್ದರೆ ಬ್ರಶ್ ಕೂಡ ಮುಟ್ಟಿಸಬೇಡಿ.

ಹಚ್ಚುವುದು ಅಂದರೆ ವಾರ್ನಿಷ್. ಅದನ್ನು ನೀವು ಹಚ್ಚಬೇಡಿ, ಬರೆದ ಕಲಾವಿದರಿಗೆ ಫೋನ್ ಮಾಡಿ ಕೇಳಿ. ಆಯಿಲ್ ಬಣ್ಣ ನೀರು ಆರಿದಂತೆ ಒಣಗುವುದಿಲ್ಲ, ಗಾಳಿಯ ಆಮ್ಲಜನಕ ಹಿಡಿದು ನಿಧಾನಕ್ಕೆ ಗಟ್ಟಿಯಾಗುತ್ತದೆ. ಅದಕ್ಕೇ ಕೊನೆಯ ವಾರ್ನಿಷ್‌ಗೆ 6 ತಿಂಗಳಿಂದ ಒಂದು ವರ್ಷ ಕಾಯುವುದು ಹಳೇ ಪದ್ಧತಿ. ಬಾಗಿಲಿಗೆ ಹೊಡೆಯುವ ವಾರ್ನಿಷ್ ಅಂತೂ ಹತ್ತಿರಕ್ಕೂ ತರಬೇಡಿ. ಪೇಂಟಿಂಗಿನ ವಾರ್ನಿಷ್ ಮುಂದೆ ಯಾವತ್ತಾದರೂ ಬಣ್ಣಕ್ಕೆ ಏಟಾಗದಂತೆ ತೆಗೆಯಲು ಬರಬೇಕು, ಬಾಗಿಲಿನದು ಬರುವುದಿಲ್ಲ.

ಚಿತ್ರದ ನಡುಭಾಗ ನೆಲದಿಂದ ಸುಮಾರು ನಾಲ್ಕೂಮುಕ್ಕಾಲು ಅಡಿಗೆ ಬರಲಿ. ನಮ್ಮ ಕಡೆ ಎಲ್ಲವನ್ನೂ ಅಜ್ಜನ ಫೋಟೋ ಎತ್ತರಕ್ಕೆ ಏರಿಸುತ್ತಾರೆ, ಕತ್ತು ನೋವು ಬರುತ್ತದೆ. ದೊಡ್ಡದಕ್ಕೆ ಒಂದೇ ಮೊಳೆ ಬೇಡ. ಡ್ರಿಲ್ ಮಾಡಿಸಿ, ಪ್ಲಗ್ ಕೂರಿಸಿ, ಎರಡು ಕಡೆ ಸ್ಕ್ರೂ ಹಾಕಿಸಿ.

ಮುಂದೆ ಹರಿದರೆ, ಬಣ್ಣ ಉದುರಿದರೆ ಫೆವಿಕಾಲ್ ತೆಗೆಯಬೇಡಿ. ಚಿತ್ರವನ್ನು ಮುಖ ಮೇಲೆ ಮಾಡಿ ಮಲಗಿಸಿ, ಉದುರಿದ ಚೂರು ಕವರಿನಲ್ಲಿ ಎತ್ತಿಡಿ. ಮೊದಲು ಇಲ್ಲಿನ ಕಾಲೇಜಿನ ಮೇಷ್ಟ್ರುಗಳಿಗೆ ತೋರಿಸಿ. ದೊಡ್ಡ ರಿಪೇರಿಯಾದರೆ ಇಂಥ ಕೆಲಸವನ್ನೇ ಕಲಿತ ಸಂರಕ್ಷಕರ ಹತ್ತಿರ, ಬೆಂಗಳೂರಿಗೆ ಹೋಗಬೇಕಾಗಬಹುದು. ಸಾಗಿಸುವಾಗ ಬಬಲ್ ಶೀಟು ನೇರವಾಗಿ ಬಣ್ಣಕ್ಕೆ ಸುತ್ತಬೇಡಿ, ಗುಳ್ಳೆಗಳ ಗುರುತು ಬೀಳುತ್ತದೆ.

ದೊಡ್ಡ ಕ್ಯಾನ್ವಾಸಿನ ಅಳತೆ ಮತ್ತು ತೂಕ, ಗೋಡೆ ಇಟ್ಟಿಗೆಯದಾ ಸಿಮೆಂಟ್ ಬ್ಲಾಕಿನದಾ ಅಂತ ತಿಳಿಸಿ. ಯಾವ ಸೈಜಿನ ಸ್ಕ್ರೂ ಅಂತ ಹೇಳುತ್ತೇನೆ.